ನಾಲ್ಕನೇ ಲಾರಿಯ ದೀಪ

ಹಳೆಯ ಲಾರಿಗಳ ವಿಷಯದಲ್ಲಿ ನಾನು ತಪ್ಪು ಹೇಳಿದ್ದು ಇಡೀ ಜೀವಮಾನದಲ್ಲಿ ಒಂದೇ ಸಲ. ಆ ಒಂದು ತಪ್ಪಿಗೆ ಚೌಕಟ್ಟು ಹಾಕಿಸಿ, ಗಾಜು ಕೂರಿಸಿ, ನನ್ನದೇ ಕೈಬರಹದಲ್ಲಿ ಗೋಡೆಗೆ ನೇತುಹಾಕಿದ್ದಾರೆ. ಬೇಕಾದವರು ಹೋಗಿ ಓದಬಹುದು. ಬುಧವಾರ ಮತ್ತು ಶನಿವಾರ, ಮಧ್ಯಾಹ್ನ ಎರಡರಿಂದ ಆರರವರೆಗೆ ಬಾಗಿಲು ತೆರೆದಿರುತ್ತದೆ.

ನಾನು ನಿಬಿಯಾ ಸಿಲ್ವೇರಾ. ಪ್ವೆರ್ತೊ ತಾಲಾ ಎಂಬ ಊರಿನ ಉಣ್ಣೆ ಗಿರಣಿಯ ಹಿಂದಿನ ಓಣಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ನಲವತ್ತು ವರ್ಷ ಕಳೆದವಳು. ನಮ್ಮ ಉರುಗ್ವೆಯಲ್ಲಿ ಲಾರಿಗಳಿಗೆ ಸಾವಿಲ್ಲ. ಅಜ್ಜ ಓಡಿಸಿದ ಗಾಡಿಯನ್ನೇ ಮೊಮ್ಮಗನೂ ಓಡಿಸುತ್ತಾನೆ, ನಡುವೆ ಮೂರು ಎಂಜಿನ್ ಬದಲಾಗಿರುತ್ತವೆ ಅಷ್ಟೆ. ಗಲ್ಲೆಯ ಮುಂದೆ ನಿಂತು "ಅಂಗಡೀಲಿ ಗಂಡಸ್ರು ಯಾರೂ ಇಲ್ವಾ?" ಎಂದು ಕೇಳಿದ ಎಷ್ಟೋ ಚಾಲಕರಿಗೆ, ಹೊರಗೆ ನಿಂತ ಅವರ ಲಾರಿಯ ಮೂತಿ ನೋಡಿಯೇ ಅದು ಯಾವ ವರ್ಷದ್ದು, ಯಾವ ಭಾಗ ಯಾವ ಗಾಡಿಯಿಂದ ಕಿತ್ತು ಹಾಕಿದ್ದು ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ. ಜಂಬ ಅನ್ನಿ. ಹೌದು, ಜಂಬವೇ. ನನ್ನ ಹತ್ತಿರ ಜಂಬಪಡಲು ಬೇರೆ ಏನೂ ಇರಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಹೈಸ್ಕೂಲಿನ ಚರಿತ್ರೆ ಟೀಚರ್ ಅನಾಯಿ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಹೊರಗಿನ ಊರಿನವಳು, ಒಳ್ಳೆಯ ಮನಸ್ಸು. ಗಿರಣಿ ಮುಚ್ಚಿದ ಮೇಲೆ ಅದರ ಕಚೇರಿಯಲ್ಲಿ ಒಂದು ಮ್ಯೂಸಿಯಂ ಮಾಡಲು ಊರವರು ಸಮಿತಿ ಮಾಡಿಕೊಂಡಿದ್ದರು, ಓಡಾಟವೆಲ್ಲ ಅವಳದ್ದು. ಕೈಯಲ್ಲಿ ಒಂದು ದೊಡ್ಡ ಲಕೋಟೆ ಇತ್ತು.

"ನಿಬಿಯಾ ಅಕ್ಕ, ಇದ್ರಲ್ಲಿರೋ ಲಾರಿಗಳು ಯಾವ ಕಾಲದವು ಅಂತ ಹೇಳ್ಬೇಕು. ಊರಲ್ಲಿ ಇನ್ಯಾರಿಗೂ ಗೊತ್ತಾಗಲ್ಲ."

"ಊರಲ್ಲಿ ಯಾರೂ ಲಾರಿ ನೋಡೋದಿಲ್ಲ ಕಣಮ್ಮ. ಮೇಲೆ ಏನು ಹೇರಿದೆ ಅಂತ ನೋಡ್ತಾರೆ, ಯಾರು ಓಡಿಸ್ತಿದಾರೆ ಅಂತ ನೋಡ್ತಾರೆ. ತೆಗಿ, ನೋಡೋಣ."

ಗಿರಣಿಯ ಎದುರು ಸ್ಟುಡಿಯೋ ಇಟ್ಟಿದ್ದ ಪೋಲೆಂಡಿನ ಮುದುಕ ಝೆಲಿನ್‌ಸ್ಕಿ ಸತ್ತು ಎಷ್ಟೋ ವರ್ಷವಾಗಿತ್ತು. ಅವನ ಮೊಮ್ಮಗಳು ಅಟ್ಟ ಗುಡಿಸುವಾಗ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ಸಿಕ್ಕಿದೆ. ಹೆಚ್ಚಿನವು ಮದುವೆಯ ಜೋಡಿಗಳು, ಸ್ನಾನ ಮಾಡಿಸಿದ ಮಕ್ಕಳು. ಒಂದು ಮಾತ್ರ ಬೇರೆ ಥರದ್ದು. ಯಾವತ್ತೂ ಅಚ್ಚು ಹಾಕಿಸದೆ, ಬಟ್ಟೆ ಸುತ್ತಿ ತಳದಲ್ಲಿ ಇಟ್ಟಿದ್ದನಂತೆ. ಅನಾಯಿ ಅದರಿಂದ ದೊಡ್ಡ ಪ್ರಿಂಟ್ ಹಾಕಿಸಿ ತಂದಿದ್ದಳು.

ಗಲ್ಲೆಯ ಮೇಲೆ ಹರಡಿದೆ. ಗಿರಣಿಯ ಗೇಟು. ಒಂದರ ಹಿಂದೊಂದು ನಾಲ್ಕು ಲಾರಿಗಳು ಹೊರಬರುತ್ತಿವೆ, ಎಲ್ಲದರ ಮೇಲೂ ಟಾರ್ಪಾಲು. ಮೊದಲ ಮೂರನ್ನು ನಾನು ನೋಡಲೇ ಇಲ್ಲ. ನಾಲ್ಕನೆಯದಕ್ಕೆ ಒಂದು ಹೆಡ್‌ಲೈಟು ಮಾಮೂಲಿನದು, ಇನ್ನೊಂದು ಅದರ ಎರಡರಷ್ಟು ದೊಡ್ಡದು. ಅದು ನನ್ನಪ್ಪ ಓಡಿಸುತ್ತಿದ್ದ ಲಾರಿ. ಸ್ಟೇರಿಂಗ್ ಹಿಂದೆ, ಮೊಣಕೈ ಕಿಟಕಿಯ ಹೊರಗಿಟ್ಟು, ಮುಖ ಹೊರಗೆ ತಿರುಗಿಸಿ ಕೂತವನು ನನ್ನಪ್ಪ ಅಲ್ಲ.

"ಇವನು ಫ್ಲೊರೆಯಾಲ್," ಎಂದೆ.

"ಹೌದಕ್ಕ. ಅದಕ್ಕೇ ನಿಮ್ಮ ಹತ್ರ ಬಂದೆ," ಎಂದಳು ಅನಾಯಿ.

ಇಲ್ಲಿ ಹಿಂದಿನದನ್ನು ಹೇಳಲೇಬೇಕು. ನಲವತ್ತೇಳನೇ ಇಸವಿಯ ಮುಷ್ಕರ ನಲವತ್ತಮೂರು ದಿನ ನಡೆಯಿತು, ಕೊನೆಗೆ ಕೆಲಸಗಾರರೇ ಗೆದ್ದರು. ನನಗಾಗ ಆರು ವರ್ಷ. ಮೂವತ್ತೆಂಟನೇ ದಿನ ಬೆಳಗಾಗುತ್ತಲೇ ಕುದುರೆ ಪೊಲೀಸರು ಗೇಟಿನ ಮುಂದಿದ್ದವರನ್ನೆಲ್ಲ ಸೇತುವೆಯವರೆಗೆ ಅಟ್ಟಿದರು. ಆಗ ನಾಲ್ಕು ಲಾರಿಗಳು ಉಣ್ಣೆ ಹೇರಿಕೊಂಡು ಬಂದರಿನ ಕಡೆ ಹೋದವು. ಮೂರು ರಾಜಧಾನಿಯಿಂದ ಬಾಡಿಗೆಗೆ ಬಂದ ಗಾಡಿಗಳು, ಓಡಿಸಿದವರೂ ಅಲ್ಲಿನವರೇ. ನಾಲ್ಕನೆಯದು ಮಾತ್ರ ಗಿರಣಿಯದು, ಮೂವತ್ತೆಂಟನೇ ಇಸವಿಯ ಷೆವರ್ಲೆ. ಹಸುವಿಗೆ ಗುದ್ದಿ ಅದರ ಒಂದು ದೀಪ ಒಡೆದಾಗ ಅದನ್ನು ಓಡಿಸುತ್ತಿದ್ದ ನನ್ನಪ್ಪ ಹೆರ್ವಾಸಿಯೊನೇ ಬಸ್ಸಿನ ದೀಪವೊಂದನ್ನು ತಂದು ಕೂರಿಸಿದ್ದ. ಸೇತುವೆಯ ಮೇಲೆ ನಿಂತಿದ್ದವರಿಗೆ ಧೂಳಲ್ಲಿ ಚಾಲಕನ ಮುಖ ಕಾಣಲಿಲ್ಲ, ದೀಪ ಕಂಡಿತು. ಹೆರ್ವಾಸಿಯೊನ ಲಾರಿ, ಅಂದಮೇಲೆ ಹೆರ್ವಾಸಿಯೊನೇ ಎಂದು ಊರು ಸಂಜೆಯೊಳಗೆ ತೀರ್ಮಾನ ಮಾಡಿ ಮುಗಿಸಿತು.

ಮುಷ್ಕರ ಮುರಿದವನನ್ನು ನಮ್ಮಲ್ಲಿ ಟಗರು ಎನ್ನುತ್ತಾರೆ. ಅವನು ಬೀದಿಗೆ ಬಂದರೆ ಕುರಿಯ ಹಾಗೆ ಅರಚುತ್ತಾರೆ. ಒಂದೇ ಸೋರೆಬುರುಡೆಯಿಂದ ಮಾಟೆ ಎಲೆಯ ಬಿಸಿ ಕಷಾಯವನ್ನು ಒಂದೇ ಕೊಳವೆಯಲ್ಲಿ ಹತ್ತು ಜನ ಹೀರುವ ಊರಲ್ಲಿ, ಅವನು ಚಾಚಿದ ಬುರುಡೆಯನ್ನು ಯಾರೂ ಮುಟ್ಟುವುದಿಲ್ಲ. "ನಾನಲ್ಲ," ಎಂದಷ್ಟೇ ಅಪ್ಪ ಹೇಳುತ್ತಿದ್ದ. "ಹಾಗಾದ್ರೆ ಯಾರು?" ಎಂದು ಅಮ್ಮ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಗಿರಣಿಯಲ್ಲಿ ಅವನನ್ನು ಲಾರಿಯ ಕೆಲಸದಿಂದ ತೆಗೆದು ಉಣ್ಣೆ ತೊಳೆಯುವ ಗುಂಡಿಯ ಕೆಲಸಕ್ಕೆ ಹಾಕಿದರು. ಅದನ್ನೂ ಬಿಟ್ಟು ಮನೆಯ ಮುಂದೆ ರಿಪೇರಿ ಕೆಲಸ ಶುರುಮಾಡಿದ. ಊರವರು ಯಾರೂ ಬರುತ್ತಿರಲಿಲ್ಲ, ಹೆದ್ದಾರಿಯಲ್ಲಿ ಹಾದುಹೋಗುವ ಪರವೂರಿನ ಲಾರಿಗಳಷ್ಟೇ. ನಾನು ಲಾರಿ ಕಲಿತದ್ದು ಹಾಗೆ. ಶಾಲೆಯಲ್ಲಿ ನನ್ನ ಹೆಸರು ಕೂಗಿದಾಗಲೆಲ್ಲ ಹಿಂದಿನ ಬೆಂಚಿನಿಂದ "ಬ್ಯಾ..." ಎಂದು ಬರುತ್ತಿತ್ತು. ನನ್ನ ಮದುವೆಯ ಮಾತು ಎರಡು ಸಲ ಮುರಿದುಬಿದ್ದದ್ದೂ ಅದರಿಂದಲೇ. ಅಪ್ಪ ಎಪ್ಪತ್ತೊಂದರಲ್ಲಿ ಸತ್ತ. ಹೆಣ ಹೊರಲು ಊರಲ್ಲಿ ಆರು ಜನ ಸಿಗದೆ ಅಂಗಡಿಗೆ ಬಂದಿದ್ದ ಇಬ್ಬರು ಬ್ರೆಜಿಲ್ ಚಾಲಕರು ಹೆಗಲು ಕೊಟ್ಟರು.

ಫ್ಲೊರೆಯಾಲ್ ಪಾಸ್ತೊರಿನೊ ಅಪ್ಪನ ಕೈಕೆಳಗೆ ಗ್ಯಾರೇಜಿನಲ್ಲಿದ್ದವನು. ಅವನಿಗೆ ಲಾರಿ ಕಲಿಸಿದ್ದು ಅಪ್ಪನೇ. ಮುಷ್ಕರದ ನಂತರ ಅವನು ಕಾರ್ಮಿಕ ಸಂಘದ ಹುಲಿಯಾದ. ಮೂವತ್ತು ವರ್ಷ ಕಾರ್ಯದರ್ಶಿ, ಸರ್ವಾಧಿಕಾರದ ಕಾಲದಲ್ಲಿ ನಾಲ್ಕು ವರ್ಷ ಜೈಲು. ಊರಿನ ಫುಟ್‌ಬಾಲ್ ಮೈದಾನಕ್ಕೆ ಅವನದ್ದೇ ಹೆಸರು. ಅವನ ಮಗ ಲೀಬೆರ್ ಈಗ ಮ್ಯೂಸಿಯಂ ಸಮಿತಿಯ ಅಧ್ಯಕ್ಷ. ಗಿರಣಿಯ ಗೇಟಿನ ಪಕ್ಕ ಒಂದು ಕಲ್ಲಿನ ಗೋಡೆ ಕಟ್ಟಿಸಿ ನಲವತ್ತೇಳರ ಮುಷ್ಕರಗಾರರ ಹೆಸರನ್ನೆಲ್ಲ ಕೆತ್ತಿಸುವ ಯೋಚನೆ ಅವನದು. ಮುನ್ನೂರ ಹನ್ನೊಂದು ಹೆಸರು. ಅಪ್ಪನದ್ದು ಇಲ್ಲ. ನಾನು ಮೂರು ಅರ್ಜಿ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು: ಸಾಕ್ಷಿ ಇದ್ದರೆ ತನ್ನಿ.

"ಈ ಫೋಟೋ ಆ ದಿನದ್ದೇ ಆದ್ರೆ ನಿಮ್ಮಪ್ಪನ ಹೆಸರು ಗೋಡೆ ಮೇಲೆ ಬರತ್ತೆ ಅಕ್ಕ," ಎಂದಳು ಅನಾಯಿ. "ಬೇರೆ ಯಾವತ್ತಿನದ್ದೋ ಆದ್ರೆ, ಫ್ಲೊರೆಯಾಲ್ ಯಾವತ್ತೋ ಒಂದಿನ ಲಾರಿ ಓಡಿಸಿದ್ರು ಅಂತಷ್ಟೇ. ಫ್ಲೊರೆಯಾಲ್ ಅವ್ರಿಗೂ ತೋರಿಸಿದ್ವಿ, ಯಾವತ್ತಿನದ್ದೋ ನೆನಪಿಲ್ಲ ಅಂದ್ರು. ಸಮಿತೀಲಿ ಮಾತಾಯ್ತು. ಲೀಬೆರ್ ಅವ್ರೇ ಹೇಳಿದ್ರು, ನಿಬಿಯಾನೇ ಹೇಳ್ಲಿ, ಅವಳು ಏನು ಬರೆದುಕೊಟ್ರೂ ಒಪ್ತೀವಿ ಅಂತ."

"ಅವನು ಹಾಗಂದ್ನಾ?"

ಅನಾಯಿ ಸ್ವಲ್ಪ ತಡವರಿಸಿದಳು. "ಲಾರಿ ವಿಷಯದಲ್ಲಿ ಅವಳು ಸುಳ್ಳು ಹೇಳಲ್ಲ, ಅಷ್ಟು ಅಹಂಕಾರ ಇದೆ ಅವಳಿಗೆ ಅಂದ್ರು."

ನನ್ನನ್ನು ಅಷ್ಟು ಸರಿಯಾಗಿ ಅಳೆದವರು ಇನ್ನೊಬ್ಬರಿಲ್ಲ.

ಎರಡು ದಿನ ಅಂಗಡಿ ಮುಚ್ಚಿ, ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು, ಭೂತಗನ್ನಡಿ ಹಿಡಿದು ಕೂತೆ. ಇದು ಮೂವತ್ತೆಂಟನೇ ದಿನದ ಬೆಳಗೇ ಆಗಿರಲಿ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಹಾಗೆ ಬಡಿದುಕೊಳ್ಳುತ್ತಿದ್ದುದಕ್ಕೇ ನನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮೊದಲನೆಯದು ಫೋರ್ಡ್, ಪೀಪಾಯಿಯಂಥ ಮೂತಿ, ಮೂವತ್ತೆಂಟು ಮೂವತ್ತೊಂಬತ್ತರದ್ದು. ಎರಡನೆಯದು ಇಂಟರ್‌ನ್ಯಾಷನಲ್, ಅದೇ ಕಾಲದ್ದು. ಮೂರನೆಯದೂ ಇಂಟರ್‌ನ್ಯಾಷನಲ್ಲೇ, ಆದರೆ ದೀಪಗಳು ಮಡ್‌ಗಾರ್ಡಿನೊಳಗೆ ಹೂತುಕೊಂಡ ಹೊಸ ಮುಖ. ಆ ಮುಖ ಬಂದದ್ದು ನಲವತ್ತೊಂದರಲ್ಲಿ. ಅಲ್ಲಿಗೆ ಫೋಟೋ ನಲವತ್ತೊಂದಕ್ಕಿಂತ ಹಿಂದಿನದಲ್ಲ ಎಂದಾಯಿತು. ಇನ್ನು ಈಚಿನ ಗಡಿ ಸಿಗಬೇಕು. ನಂಬರ್ ಪ್ಲೇಟುಗಳಿಂದ ಏನಾದರೂ ಸಿಗುತ್ತದೋ ಎಂದು ನೋಡಿದೆ. ನಾಲ್ಕಕ್ಕೂ ಕೆಸರು ಮೆತ್ತಿತ್ತು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಬಾಗಿಲ ಮೇಲೂ ಹೆಸರಿಲ್ಲ. ಇರಲಿ ಎಂದುಕೊಂಡು ಮುಂದೆ ಹೋದೆ.

ಎರಡನೇ ದಿನ ಮಧ್ಯಾಹ್ನ ಉತ್ತರ ಸಿಕ್ಕಿತು, ಅದೂ ಅಪ್ಪನ ಲಾರಿಯಲ್ಲೇ. ಸ್ಟೇರಿಂಗ್ ಬಲಗಡೆ ಇತ್ತು.

ನಲವತ್ತೈದರ ಸೆಪ್ಟೆಂಬರ್ ಎರಡರವರೆಗೆ ನಮ್ಮ ದೇಶದಲ್ಲಿ ಗಾಡಿಗಳು ರಸ್ತೆಯ ಎಡಗಡೆ ಓಡುತ್ತಿದ್ದವು, ಸ್ಟೇರಿಂಗ್ ಬಲಕ್ಕೆ ಇರುತ್ತಿತ್ತು. ಆ ದಿನದಿಂದ ಎಲ್ಲರೂ ರಸ್ತೆಯ ಬಲಗಡೆಗೆ ಬಂದರು. ಹಳೆಯ ಗಾಡಿಗಳನ್ನು ಹಾಗೇ ಓಡಿಸಿದವರು ಬೇಕಾದಷ್ಟಿದ್ದರು. ಆದರೆ ಗಿರಣಿಯ ಮಾಲೀಕ ಅಚ್ಚುಕಟ್ಟಿನ ಮನುಷ್ಯ. ಸ್ಟೇರಿಂಗ್ ಬದಲಾಯಿಸಿ ಎಂದ. ನಮ್ಮಲ್ಲಿ ಆಗಸ್ಟ್ ಎಂದರೆ ಚಳಿಗಾಲ; ಆ ಆಗಸ್ಟಿನ ಚಳಿಯಲ್ಲಿ ಹತ್ತು ದಿನ ಲಾರಿಯ ಕೆಳಗೆ ಮಲಗಿ, ಷೆವರ್ಲೆಯ ಸ್ಟೇರಿಂಗನ್ನು ಬಲದಿಂದ ಎಡಕ್ಕೆ ಸಾಗಿಸಿದ್ದು ನನ್ನಪ್ಪ. ಅವನು ಹೆಮ್ಮೆಯಿಂದ ಹೇಳುತ್ತಿದ್ದ ಕತೆ ಅದೊಂದೇ. ಊಟಕ್ಕೆ ಕೂತಾಗ ಫೋರ್ಕನ್ನೇ ಸ್ಟೇರಿಂಗ್ ಮಾಡಿ ತೋರಿಸುತ್ತಿದ್ದ.

ಅಂದರೆ ಆ ಲಾರಿಯ ಸ್ಟೇರಿಂಗ್ ಬಲಕ್ಕಿರುವ ಯಾವ ಫೋಟೋವೂ ನಲವತ್ತೈದರ ಆಗಸ್ಟಿನ ಈಚಿನದಾಗಲು ಸಾಧ್ಯವಿಲ್ಲ. ಮುಷ್ಕರ ಆದದ್ದು ನಲವತ್ತೇಳರಲ್ಲಿ. ಮುಗಿಯಿತು.

ಭೂತಗನ್ನಡಿ ಕೆಳಗಿಟ್ಟು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು, ಒಳ್ಳೆಯ ಕಾಗದದ ಮೇಲೆ ಬರೆದೆ: 'ಲಾರಿಗಳನ್ನು ಪರೀಕ್ಷಿಸಿದ್ದೇನೆ. ಈ ಚಿತ್ರ ೧೯೪೧ ಮತ್ತು ೧೯೪೫ರ ನಡುವಿನದು. ಮುಷ್ಕರಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಬಿಯಾ ಸಿಲ್ವೇರಾ, ಹೆರ್ವಾಸಿಯೊನ ಮಗಳು.' ಕೊನೆಯ ಎರಡು ಪದಗಳನ್ನು ಯಾರೂ ಕೇಳಿರಲಿಲ್ಲ. ಟಗರಿನ ಮಗಳು ಸುಳ್ಳು ಹೇಳುವುದಿಲ್ಲ ಎಂದು ಊರಿಗೆ ಗೊತ್ತಾಗಲಿ ಎಂದು ನಾನೇ ಸೇರಿಸಿದೆ.

ಲೀಬೆರ್ ಕಾಗದ ಓದಿ ನನ್ನನ್ನು ತಬ್ಬಿಕೊಂಡ. ಐವತ್ತು ದಾಟಿದ ಆಸಾಮಿ, ಕಣ್ಣಲ್ಲಿ ನೀರು. "ನಿಬಿಯಾ, ನಿಮ್ಮಂಥವರು ಬೇಕು ಕಣಮ್ಮ ಈ ಊರಿಗೆ," ಎಂದ. ಆ ವಾರ ಮೊದಲ ಸಲ ಮಾಂಸದಂಗಡಿಯ ಅದೋಲ್ಫೊ ನನಗೆ ನಮಸ್ಕಾರ ಹೇಳಿದ. ನನಗೆ ಸಂತೋಷವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮ್ಯೂಸಿಯಂ ತೆರೆದರು. ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಎದುರು ಗೋಡೆಗೆ ಹಾಕಿದ್ದರು. ಕೆಳಗೆ ಹೀಗೆ ಬರೆದಿತ್ತು: 'ಯುವ ಫ್ಲೊರೆಯಾಲ್ ಪಾಸ್ತೊರಿನೊ, ಗಿರಣಿಯ ಲಾರಿಯಲ್ಲಿ, ಸುಮಾರು ೧೯೪೪'. ಪಕ್ಕದಲ್ಲಿ ಚೌಕಟ್ಟಿನೊಳಗೆ ನನ್ನ ಕಾಗದ. ಫ್ಲೊರೆಯಾಲ್‌ಗೆ ಆಗ ಎಂಬತ್ತಮೂರು. ಗಾಲಿಕುರ್ಚಿಯಲ್ಲಿ ತಂದು ಸರಿಯಾಗಿ ಫೋಟೋದ ಕೆಳಗೆ ನಿಲ್ಲಿಸಿದರು. ಎಲ್ಲರೂ ಅವನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಲೀಬೆರ್ ನನ್ನನ್ನೂ ಕರೆದ. ನಾನು ಎದುರಿಗೆ ಬಂದು ನಿಂತೆ.

ಫ್ಲೊರೆಯಾಲ್‌ನ ಎಡ ಹುಬ್ಬು ನಡುವೆ ಸೀಳಿದೆ. ಹದಿನೈದನೇ ವಯಸ್ಸಿನಲ್ಲಿ ಗಿರಣಿಯ ಯಂತ್ರದ ಬೆಲ್ಟ್ ಕಿತ್ತು ಬಂದು ಹೊಡೆದದ್ದು. ಮುದುಕನ ಮುಖ ನೋಡಿದೆ, ಮೇಲೆ ಹುಡುಗನ ಮುಖ ನೋಡಿದೆ. ಹುಡುಗನದು ಬಲ ಹುಬ್ಬು ಸೀಳಿತ್ತು.

ಒಂದು ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಕಣ್ಣು ತಾನಾಗಿ ದೀಪದ ಕಡೆ ಹೋಯಿತು. ಆ ದೊಡ್ಡ ದೀಪ ಸ್ಟೇರಿಂಗ್ ಇದ್ದ ಕಡೆಯೇ ಇತ್ತು, ಚಾಲಕನ ಎದುರಿಗೆ. ಐದು ವರ್ಷದವಳಾಗಿ ನಾನು ಅಪ್ಪನ ಪಕ್ಕ ಕೂತಾಗಲೂ ಅದು ಅವನೆದುರಿಗೇ ಇತ್ತು. ಅದಕ್ಕೇ ನನಗೆ ಮೊದಲು ಅನುಮಾನ ಬರಲಿಲ್ಲ. ಆದರೆ ನಾನು ಕೂತದ್ದು ಸ್ಟೇರಿಂಗ್ ಎಡಕ್ಕೆ ಬಂದ ಮೇಲೆ. ಅಪ್ಪ ಸ್ಟೇರಿಂಗನ್ನು ಸಾಗಿಸಿದನೇ ಹೊರತು ದೀಪವನ್ನಲ್ಲ. ದೀಪ ಯಾವತ್ತೂ ಎಡಗಡೆಯೇ ಇದ್ದದ್ದು. ಸ್ಟೇರಿಂಗ್ ಬಲಕ್ಕಿದ್ದ ಕಾಲದ ಫೋಟೋ ಆಗಿದ್ದರೆ ದೀಪ ಚಾಲಕನ ಎದುರಿಗೆ ಇರಲು ಸಾಧ್ಯವೇ ಇಲ್ಲ.

ಗಾಜಿನ ನೆಗೆಟಿವನ್ನು ಮಗುಚಿ ಇಟ್ಟು ಪ್ರಿಂಟ್ ಹಾಕಿದ್ದರು. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಒಂದೇ ಒಂದು ಅಕ್ಷರ ಇದ್ದಿದ್ದರೂ ತಿರುಗುಮುರುಗಾಗಿ ಕಂಡು ಗೊತ್ತಾಗಿಬಿಡುತ್ತಿತ್ತು. ಅಕ್ಷರ ಯಾಕಿರಲಿಲ್ಲ? ಗಾಲಿಗಳ ಕೆಳಗೆ ಧೂಳೇಳುತ್ತಿರುವಾಗ ನಂಬರ್ ಪ್ಲೇಟಿಗೆ ಮಾತ್ರ ಕೆಸರು ಹೇಗೆ ಬಂತು? ಮುಷ್ಕರ ಮುರಿಯಲು ಹೊರಟವರು ಮಾತ್ರ ಹಾಗೆ ಕೆಸರು ಬಳಿದುಕೊಂಡು ಹೋಗುತ್ತಾರೆ. ಆ ಕೆಸರನ್ನು ಎರಡು ದಿನ ಭೂತಗನ್ನಡಿ ಹಿಡಿದು ನೋಡಿ 'ಇರಲಿ' ಎಂದಿದ್ದೆ.

ಕ್ಯಾಮರಾ ಹಿಡಿದವನು "ನಗಿ ನಿಬಿಯಾ ಅಕ್ಕ" ಎಂದ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನಂತೆ.

ಮಾರನೇ ದಿನ ಅನಾಯಿ ನೆಗೆಟಿವ್ ತೆಗೆಸಿ ನೋಡಿದಳು. ನಾನು ಹೇಳಿದ್ದು ನಿಜವಾಗಿತ್ತು. "ನನ್ ತಪ್ಪಕ್ಕ, ಸ್ಟುಡಿಯೋದವನಿಗೆ ಯಾವ ಕಡೆ ಮೇಲೆ ಅಂತ ನಾನು ಹೇಳ್ಲೇ ಇಲ್ಲ," ಎಂದು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಲೀಬೆರ್ ಹತ್ತಿರ ಹೋದೆವು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ನಿಬಿಯಾ, ಮಾರ್ಚಿನಲ್ಲಿ ನೀವು ಹೇಳಿದ್ದು ನಿಮಗೇ ನಷ್ಟ ಆಗೋ ಮಾತು. ಅದಕ್ಕೇ ನಂಬಿದ್ವಿ. ಇವತ್ತು ಹೇಳ್ತಿರೋದು ನಿಮಗೆ ಲಾಭ ಆಗೋ ಮಾತು. ಯಾವುದನ್ನ ನಂಬ್ಲಿ, ನೀವೇ ಹೇಳಿ."

"ನನ್ನ ಬೇಡಪ್ಪ, ಗಾಜನ್ನ ನಂಬು. ಸ್ಟೇರಿಂಗ್ ಎಡಕ್ಕಿದೆ."

"ಎಡಕ್ಕಿದ್ರೆ ನಲವತ್ತೈದರ ಆಮೇಲಿನದು, ಅಷ್ಟೇ ತಾನೆ? ನಲವತ್ತಾರು ಇರ್ಬಹುದು, ನಲವತ್ತೆಂಟು ಇರ್ಬಹುದು. ಕೆಸರು ಮಳೇದಿರ್ಬಹುದು. ನಮ್ಮಪ್ಪ ಜೈಲಲ್ಲಿ ಹಲ್ಲು ಕಳ್ಕೊಂಡವ್ರು. ಎಂಬತ್ತಮೂರು ವರ್ಷದ ಮನುಷ್ಯನ ಮೇಲೆ ಒಂದು ಮುಷ್ಟಿ ಕೆಸರಿನ ಸಾಕ್ಷಿ ಇಟ್ಕೊಂಡು ಬಂದಿದೀರ?"

ಅನಾಯಿ ಬಾಯಿ ತೆರೆದಳು. ಅವನು ಅವಳ ಕಡೆ ತಿರುಗಿ, "ಟೀಚರ್, ನೀವು ಈ ಊರಿಗೆ ಹೊಸಬ್ರು," ಎಂದ. ಫೋಟೋವನ್ನು ಸರಿಮಾಡಿ ಹಾಕಿಸಲೂ ಒಪ್ಪಲಿಲ್ಲ.

ನಾನು ನೇರ ಫ್ಲೊರೆಯಾಲ್‌ನ ಮನೆಗೆ ಹೋದೆ. ಆ ಮನೆಯ ಹೊಸಿಲು ತುಳಿದದ್ದು ಅದೇ ಮೊದಲು. ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದ, ತೊಡೆಯ ಮೇಲೆ ಕಂಬಳಿ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ನನ್ನನ್ನು ನೋಡಿ ಏನೂ ಆಶ್ಚರ್ಯಪಡಲಿಲ್ಲ.

"ಬಾ ಮಗಳೇ. ಇಷ್ಟು ದಿನ ಬೇಕಾಯ್ತಾ?" ಎಂದ.

"ನೀವು ಫೋಟೋ ನೋಡಿದ ತಕ್ಷಣ ಗೊತ್ತಾಗಿತ್ತು."

"ಸೀಳಿದ್ದು ನನ್ನ ಹುಬ್ಬಲ್ವಾ, ಯಾವ ಕಡೇದು ಅಂತ ಗೊತ್ತಿರಲ್ವಾ? ನೀನು ಹಿಡಿದುಬಿಡ್ತೀಯ ಅಂದ್ಕೊಂಡೆ. ಎರಡು ದಿನ ಅಂಗಡಿ ಮುಚ್ಚಿ ಕೂತಿದಾಳೆ ಅಂದ್ರು. ನಾನೂ ಎರಡು ದಿನ ಊಟ ಬಿಟ್ಟೆ. ಆಮೇಲೆ ನಿನ್ನ ಕಾಗದ ತಂದು ಓದಿದ್ರು." ಅವನು ಮಾಟೆಯ ಬುರುಡೆಗೆ ನೀರು ಹುಯ್ದು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಅವನೂ ವಾಪಸ್ ಎಳೆದುಕೊಳ್ಳಲಿಲ್ಲ, ಹಾಗೇ ಹಿಡಿದುಕೊಂಡೇ ಮಾತಾಡಿದ.

"ನನ್ನ ತಮ್ಮ ಠಾಣೇಲಿದ್ದ. ಒಂದು ಸಲ ಲಾರಿ ಓಡಿಸು, ಬಿಡಿಸ್ತೀನಿ ಅಂದ ಮಾಲೀಕ. ಬಿಡಿಸಿದ, ಮಾತು ತಪ್ಪಲಿಲ್ಲ. ಗೇಟಲ್ಲಿ ಯಾರೂ ಇರಲ್ಲ ಅಂದಿದ್ದ. ನಿಮ್ಮಪ್ಪ ಇದ್ದ. ನಿಮ್ಮನೆ ಹಿಂದುಗಡೆ ಓಣೀಲಲ್ವಾ, ಎಂಜಿನ್ ಸದ್ದು ಕೇಳಿ ಓಡಿಬಂದಿದ್ದ. ಬರಿಗಾಲಲ್ಲಿ, ಬನಿಯನ್ನಲ್ಲಿ. ಅವನ ಲಾರಿಯ ಸದ್ದು ಅವನಿಗೆ ಗೊತ್ತಾಗಲ್ವಾ? ನನ್ನ ಮುಖ ನೋಡಿದ. ನಾನು ಆ ಕಡೆ ತಿರುಗಿಕೊಂಡೆ. ಝೆಲಿನ್‌ಸ್ಕಿ ಕಿಟಕೀಲಿ ಇದ್ದದ್ದು ನನಗೆ ಗೊತ್ತಿರ್ಲಿಲ್ಲ."

"ಅಪ್ಪ ನಿಮ್ಮ ಹೆಸರು ಹೇಳ್ಬಹುದಿತ್ತು."

"ಸಂಘದಲ್ಲಿ ಸಂಗಾತಿಯ ಹೆಸರು ಹೇಳೋ ಹಾಗಿಲ್ಲ. ಏನೇ ಆದ್ರೂ. ಅದನ್ನ ನನಗೆ ಹೇಳಿಕೊಟ್ಟಿದ್ದೂ ಅವನೇ. ನಾನೇ ಎದ್ದು ಹೇಳ್ತೀನಿ ಅಂತ ಕಾದ. ಮೊದಲನೇ ಸಭೆಯಲ್ಲಿ ನನ್ನನ್ನೇ ನೋಡ್ತಾ ಕೂತಿದ್ದ. ಎರಡನೇ ಸಭೆಯಲ್ಲೂ. ಮೂರನೇದಕ್ಕೆ ಅವನನ್ನ ಒಳಗೆ ಬಿಡಲಿಲ್ಲ."

"ಜನ ಅರಚುವಾಗ ನೀವೂ ಅರಚಿದ್ರಾ?"

"ಮೊದಲು ಅರಚಿದ್ದೇ ನಾನು," ಎಂದ.

ಹೊಡೆಯಬೇಕು ಅನ್ನಿಸಿತು. ಗಾಲಿಕುರ್ಚಿಯ ಮೇಲಿದ್ದ ಎಲುಬಿನ ಗೂಡನ್ನು ಹೊಡೆಯುವುದೆಲ್ಲಿಗೆ? "ನಿಮ್ಮ ಹೆಸರು ನನಗೆ ಬೇಡ. ಮೈದಾನ ಇಟ್ಕೊಳ್ಳಿ, ಎಲ್ಲಾ ಇಟ್ಕೊಳ್ಳಿ. ನಮ್ಮಪ್ಪನ ಹೆಸರು ಗೋಡೆ ಮೇಲೆ ಬರ್ಬೇಕು. ಅವನು ಟಗರಲ್ಲ ಅಂತ ನಿಮ್ಮ ಮಗನಿಗೆ ಹೇಳಿ. ಅಷ್ಟು ಮಾಡಿ," ಎಂದೆ.

"ಹೇಳ್ತೀನಿ ಮಗಳೇ. ಈ ಸಲ ಹೇಳ್ತೀನಿ."

ಬರುವಾಗ ಹಿಂತಿರುಗಿ ನೋಡಿದೆ. ಬುರುಡೆ ಇನ್ನೂ ಅವನ ಕೈಯಲ್ಲೇ ಇತ್ತು. ಅಪ್ಪ ಇಪ್ಪತ್ತನಾಲ್ಕು ವರ್ಷ ಕಾದಂತೆ ನಾನೂ ಕಾಯತೊಡಗಿದೆ.

ಜುಲೈಯಲ್ಲಿ ಫ್ಲೊರೆಯಾಲ್ ಸತ್ತ. ಗಿರಣಿಯ ಸೈರನ್ ಹಾಕಿಸಿದರು, ಶವದ ಮೇಲೆ ಸಂಘದ ಬಾವುಟ. ಮಣ್ಣು ಮಾಡಿ ಎರಡು ವಾರಕ್ಕೆ ಲೀಬೆರ್ ನನ್ನ ಅಂಗಡಿಗೆ ಬಂದ, ಟೋಪಿ ಕೈಯಲ್ಲಿ ಹಿಡಿದು.

"ನಿಬಿಯಾ, ಅಪ್ಪ ಕೊನೇಲಿ ಒಂದು ಮಾತು ಹೇಳಿದ್ರು. ಮಾತು ಸರಿಯಾಗಿ ಹೊರಡ್ತಿರ್ಲಿಲ್ಲ. ಹೆರ್ವಾಸಿಯೊನ ಹೆಸರು ಗೋಡೆ ಮೇಲೆ ಹಾಕಿಸು ಅಂದ್ರು. ಮೂರು ಸಲ ಅಂದ್ರು. ಸಮಿತಿ ಒಪ್ಪಿದೆ."

"ಬೇರೆ ಏನೂ ಹೇಳ್ಲಿಲ್ವಾ?"

"ಇನ್ನೇನು ಹೇಳ್ಬೇಕು?" ಎಂದ. ಅವನು ನಟಿಸುತ್ತಿರಲಿಲ್ಲ. ಅದು ನನಗೆ ಸ್ಪಷ್ಟವಾಗಿ ಕಂಡಿತು.

ಆಗಸ್ಟ್ ಇಪ್ಪತ್ತಕ್ಕೆ ಗೋಡೆಯ ಉದ್ಘಾಟನೆ. ನಾನು ಅಮ್ಮನ ಬ್ರೂಚ್ ಚುಚ್ಚಿಕೊಂಡು ಹೋದೆ. ಬ್ಯಾಂಡ್ ಬಾರಿಸಿದರು, ಬಟ್ಟೆ ಎಳೆದರು. ಕಪ್ಪು ಕಲ್ಲಿನ ಮೇಲೆ ಮುನ್ನೂರ ಹನ್ನೊಂದು ಹೆಸರು ಸಾಲಾಗಿ ಇದ್ದವು. ಸಿಲ್ವೇರಾ ಇರಬೇಕಾದ ಜಾಗದಲ್ಲಿ ಹುಡುಕಿದೆ, ಇರಲಿಲ್ಲ. ಅನಾಯಿ ನನ್ನ ತೋಳು ಮುಟ್ಟಿ ಕೆಳಗೆ ತೋರಿಸಿದಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಬೇರೆಯಾಗಿ ಒಂದು ಸಣ್ಣ ಬಿಳಿ ಕಲ್ಲು ಅಂಟಿಸಿದ್ದರು. ಬಗ್ಗಿ ಓದಿದೆ.

'ಹೆರ್ವಾಸಿಯೊ ಸಿಲ್ವೇರಾ. ಫ್ಲೊರೆಯಾಲ್ ಪಾಸ್ತೊರಿನೊ ಅವರ ಕೊನೆಯ ಇಚ್ಛೆಯಂತೆ ಸಂಗಾತಿಗಳು ಇವನನ್ನು ಕ್ಷಮಿಸಿದ್ದಾರೆ.'

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಅದೋಲ್ಫೊ ಯಾರಿಗೋ ಹೇಳುತ್ತಿದ್ದ: "ಎಂಥಾ ದೊಡ್ಡ ಮನಸ್ಸು ನೋಡು ಆ ಮನುಷ್ಯನದ್ದು. ಟಗರನ್ನೂ ಕೈಬಿಡಲಿಲ್ಲ, ಕ್ಷಮಿಸೇ ಹೋದ."

ನಾನು ಎದ್ದು ಅಂಗಡಿಗೆ ಹೋದೆ. ಅಪ್ಪನ ಪೆಟ್ಟಿಗೆಯಲ್ಲಿ ಸ್ಟೇರಿಂಗ್ ಸಾಗಿಸುವಾಗ ಅವನು ಬಳಸಿದ ಚಾಣ ಇದೆ, ಸುತ್ತಿಗೆ ಇದೆ. ಎರಡನ್ನೂ ತೆಗೆದುಕೊಂಡು ವಾಪಸ್ ಬಂದೆ. ಜನ ಇನ್ನೂ ಅಲ್ಲೇ ಇದ್ದರು, ಕಾಗದದ ತಟ್ಟೆಯಲ್ಲಿ ಸುಟ್ಟ ಮಾಂಸ ತಿನ್ನುತ್ತಿದ್ದರು. ಅರವತ್ತೈದರ ಮಂಡಿ ಊರಿ ಕೂತು, ಬಿಳಿ ಕಲ್ಲಿನ ಅಂಚಿಗೆ ಚಾಣ ಕೊಟ್ಟು ಹೊಡೆದೆ.

"ನಿಬಿಯಾ! ಏನ್ ಮಾಡ್ತಿದೀರ?" ಲೀಬೆರ್ ಓಡಿಬಂದ. "ನೀವೇ ಕೇಳಿದ್ದಲ್ವಾ ಇದನ್ನ? ಮೂರು ಅರ್ಜಿ ಬರೆದವ್ರು ನೀವೇ ಅಲ್ವಾ?"

"ಹೌದಪ್ಪ, ನಾನೇ. ಅವನು ಕಾದದ್ದು ಇದಕ್ಕಲ್ಲ."

ಯಾರೂ ತಡೆಯಲಿಲ್ಲ. ಅನಾಯಿ ಬಂದು ಪಕ್ಕ ನಿಂತಳು, ಅಳುತ್ತಿದ್ದಳು. ನಾಲ್ಕನೇ ಏಟಿಗೆ ಕಲ್ಲು ಸಡಿಲವಾಯಿತು, ಆರನೆಯದಕ್ಕೆ ಇಡಿಯಾಗಿ ಕಳಚಿ ಕೈಗೆ ಬಂತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಜನ ದಾರಿ ಬಿಟ್ಟರು. ಗೇಟು ದಾಟಿ, ಅಪ್ಪ ಬರಿಗಾಲಲ್ಲಿ ನಿಂತಿದ್ದ ಜಾಗ ದಾಟಿ ಹತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಯಾರೋ "ಬ್ಯಾ..." ಎಂದು ಅರಚಿದರು.